ಎಡಗೈ ಬ್ಯಾಂಜೊ ಮತ್ತು ಮ್ಯಾಲಕಿಯ ಪಶ್ಚಾತ್ತಾಪ

“ಅದಲ್ಲ ಅತ್ತಿಗೆ, ಅದಲ್ಲ! ಕೈ ತೆಗೀರಿ!”

ಮ್ಯಾಲಕಿ ಅಂಗಡಿಯ ಆ ತುದಿಯಿಂದ ಓಡಿಬಂದ. ಡಿಂಪ್ನಾ ಗೋಡೆಯ ಮೊಳೆಯಿಂದ ಆಗಷ್ಟೇ ಇಳಿಸಿಕೊಂಡಿದ್ದ ಬ್ಯಾಂಜೊವನ್ನು, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಳ್ಳುವಷ್ಟು ನಯವಾಗಿ ಬಿಡಿಸಿಕೊಂಡು, ಮತ್ತೆ ಅದೇ ಮೊಳೆಗೆ ತೂಗುಹಾಕಿದ.

“ಅದು ಬಲಗೈಯವರದ್ದು. ನಿಮ್ಮದು ಒಳಗಿದೆ. ಕೋಲ್ಮನ್ ತರ್ತಾ ಇದಾನೆ.”

“ಸುಮ್ನೆ ನೋಡ್ತಿದ್ದೆ ಕಣೋ.”

“ನೋಡೋದೂ ಬೇಡ. ಜೀವಮಾನ ಪೂರ್ತಿ ಅಂಥದ್ರಲ್ಲೇ ಒದ್ದಾಡಿದ್ದು ಸಾಕು. ಕೂತ್ಕೊಳ್ಳಿ. ಚಾ ತರ್ಲಾ?”

ಡಿಂಪ್ನಾ ಕೂತಳು. ಎದುರಿನ ಗೋಡೆಯ ಮೇಲೆ ಬ್ಯಾಂಜೊಗಳು ಮಾಂಸದಂಗಡಿಯ ಹಂದಿತೊಡೆಗಳ ಹಾಗೆ ಸಾಲಾಗಿ ತೂಗುತ್ತಿದ್ದವು. ಕಣ್ಣು ಮುಚ್ಚಿ ಯಾವುದನ್ನು ಎಳೆದುಕೊಂಡರೂ ಅವಳಿಗೆ ಆಗಿಬರುತ್ತಿತ್ತು. ಇಡೀ ಅಂಗಡಿಯಲ್ಲಿ ಅವಳಿಗೆ ಆಗದೇ ಇರುವ ಬ್ಯಾಂಜೊ ಅಂದರೆ ಒಂದೇ ಒಂದು. ಅದು ಅಂಗಡಿಯ ಯಜಮಾನ ಕೋಲ್ಮನ್ ಒಳಗಿನಿಂದ ತರುತ್ತಿದ್ದದ್ದು.

ಮ್ಯಾಲಕಿ ಅವಳ ಮೈದುನ. ಮೈದುನ ಆಗುವುದಕ್ಕೂ ಮುಂಚೆ ಶಾಲೆಯಲ್ಲಿ ಅವಳ ಹಿಂದಿನ ಬೆಂಚಿನವನು. ಹೀಗಾಗಿ ಅವಳನ್ನು ಹಂಗಿಸುವ ಹಕ್ಕು ತನಗೆ ಎರಡು ಕಡೆಯಿಂದ ಬಂದಿದೆ ಎಂದು ನಂಬಿಕೊಂಡವನು. ಅವಳು ಎಡಗೈಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದರೆ, “ಎಡವಟ್ಟಮ್ಮ, ಸಿಪ್ಪೆ ಇಟ್ಕೊಂಡು ಗಡ್ಡೆ ಬಿಸಾಕೀಯ” ಅನ್ನುವನು. ಅವಳು ಶಾಲೆಯ ಬಸ್ಸು ಓಡಿಸಿಕೊಂಡು ಎದುರಿಗೆ ಬಂದರೆ ತನ್ನ ಟ್ರ್ಯಾಕ್ಟರನ್ನು ಬೇಲಿಗೆ ಒತ್ತಿ ನಿಲ್ಲಿಸಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುವನು. ಭಾನುವಾರ ಮಧ್ಯಾಹ್ನ ಟಬ್ಬರ್‌ಕರಿ ಊರಿನ ಪಬ್ಬಿನ ವಾದ್ಯಕೂಟದಲ್ಲಿ ಇಬ್ಬರೂ ಬ್ಯಾಂಜೊ ನುಡಿಸುತ್ತಿದ್ದರು. ಅಲ್ಲಿಯೂ ಒಂದು ರೀಲ್, ಅಂದರೆ ಕುಣಿತದ ಮಟ್ಟು, ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಒಂದು ಮಾತು ಚುಚ್ಚದೆ ಇದ್ದವನಲ್ಲ. ಅವಳೂ ಕಡಿಮೆಯವಳಲ್ಲ. “ನಿನ್ನ ಬ್ಯಾಂಜೊ ಶ್ರುತಿ ಸೇರಿದ ದಿನ ಪೋಪ್‌ಗೆ ತಂತಿ ಕಳಿಸ್ತೀನಿ” ಎಂದು ವರ್ಷಗಳಿಂದ ಕಾಯುತ್ತಿದ್ದಳು.

ಇಂಥವನು ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ಲೆಂಟ್ ಉಪವಾಸ ಶುರುವಾಗುವ ಹಿಂದಿನ ಭಾನುವಾರ, ಕೂಟ ಮುಗಿಸಿ ವ್ಯಾನು ಹಿಂದಕ್ಕೆ ತೆಗೆಯುವಾಗ, ಚಕ್ರವನ್ನು ಅವಳ ಬ್ಯಾಂಜೊ ಪೆಟ್ಟಿಗೆಯ ಮೇಲೆ ಹತ್ತಿಸಿಬಿಟ್ಟ. ಮನೆಯ ಬೀಗದ ಕೈ ಹುಡುಕಲೆಂದು ಪೆಟ್ಟಿಗೆಯನ್ನು ಚಕ್ರದ ಹಿಂದೆ ಇಟ್ಟವಳು ಅವಳೇ ಎನ್ನುವುದು ಬೇರೆ ಮಾತು. ಆ ಬೇರೆ ಮಾತನ್ನು ಇಬ್ಬರೂ ಎತ್ತಲಿಲ್ಲ. ಮ್ಯಾಲಕಿ ಪೆಟ್ಟಿಗೆ ತೆರೆದು ನೋಡಿದ, ಮುಚ್ಚಿದ, ಪಬ್ಬಿನ ಮೆಟ್ಟಿಲ ಮೇಲೆ ಕೂತು ಅತ್ತ. ಆ ಬ್ಯಾಂಜೊ ಅವಳ ಸೋದರಮಾವ ಟೈಗ್‌ನದು. ಅದು ಊರಿಗೆಲ್ಲ ಗೊತ್ತು.

ಆ ಉಪವಾಸಕ್ಕೆ ಬೇರೆಯವರು ಸಿಹಿ ಬಿಟ್ಟರು, ಬಿಯರ್ ಬಿಟ್ಟರು. ಮ್ಯಾಲಕಿ ಹಂಗಿಸುವುದನ್ನು ಬಿಟ್ಟ. ಎಡವಟ್ಟಮ್ಮ ಹೋಗಿ ಅತ್ತಿಗೆ ಬಂತು, ನೀನು ಹೋಗಿ ನೀವು ಬಂತು. ಬಾಗಿಲು ತೆರೆದು ಹಿಡಿಯತೊಡಗಿದ. ಅವಳ ಬಸ್ಸಿಗೆ ಕೈಬೀಸತೊಡಗಿದ. ಡಿಂಪ್ನಾಳ ಗಂಡ, ಕುರಿಗಳ ವಿಷಯ ಬಿಟ್ಟು ಬೇರೆ ಮಾತಾಡದ ಮನುಷ್ಯ, ಒಂದು ದಿನ ಊಟದ ನಡುವೆ, “ನಮ್ಮ ಮ್ಯಾಲಕಿ ಡಾಕ್ಟರ ಹತ್ರ ಏನಾದ್ರೂ ಹೋಗಿದ್ನಾ?” ಎಂದು ಕೇಳಿದ.

“ಏನು ಕೇಳಿದ್ರೂ ಕೊಡ್ತೀನಿ ಅತ್ತಿಗೆ. ಬಾಯಿಬಿಟ್ಟು ಕೇಳಿ,” ಎಂದಿದ್ದ ಮ್ಯಾಲಕಿ. ಅವಳು ಬಾಯಿ ಬಿಡುವ ಮೊದಲೇ ಮುಂದುವರಿಸಿದ್ದ. “ಮಾವನ ಬಲಗೈ ಬ್ಯಾಂಜೊ ತಿರುಗಿಸಿ ಹಿಡ್ಕೊಂಡು, ತಂತಿ ಅದಲುಬದಲು ಮಾಡ್ಕೊಂಡು, ಹೇಗೋ ಕಾಲ ತಳ್ಳಿದ್ರಿ. ಇನ್ಮೇಲೆ ಆ ಕಷ್ಟ ಬೇಡ. ಎಡಗೈಯವರಿಗೆ ಅಂತಲೇ ಮಾಡಿದ್ದು ಕೊಡಿಸ್ತೀನಿ.”

ತೊಡಕು ಇದ್ದದ್ದು ಅಲ್ಲೇ. ಅವಳು ಬ್ಯಾಂಜೊ ತಿರುಗಿಸಿ ಹಿಡಿಯುತ್ತಿದ್ದದ್ದು ನಿಜ. ಆದರೆ ತಂತಿಗಳನ್ನು ಅದಲುಬದಲು ಮಾಡಿರಲೇ ಇಲ್ಲ.

ಟೈಗ್ ಮಾವ ಬ್ಯಾಂಜೊವನ್ನು ಅಟ್ಟದ ಮೊಳೆಗೆ ತೂಗುಹಾಕುತ್ತಿದ್ದ. ಯಾರೂ ಮುಟ್ಟುವಂತಿರಲಿಲ್ಲ. ಅವನು ಹಾಲು ಕರೆಯಲು ಹೋದಾಗ ಹುಡುಗಿ ಡಿಂಪ್ನಾ ಏಣಿ ಹತ್ತಿ, ಅದನ್ನು ಇಳಿಸಿ, ತನ್ನ ಕೈಗೆ ಒಗ್ಗುವ ಹಾಗೆ ತಿರುಗಿಸಿ ಹಿಡಿದು ಕಲಿತಳು. ಒಂದು ತಂತಿ ಸಡಿಲಿಸಿದ್ದರೂ ಮಾವನಿಗೆ ತಿಳಿಯುತ್ತಿತ್ತು. ಹೀಗಾಗಿ ಮೊಣಕಾಲ ಕಡೆಗೆ ಇರಬೇಕಾದ ಸಣ್ಣ ತಂತಿ ಅವಳಿಗೆ ಗಲ್ಲದ ಕೆಳಗೆ. ಗಲ್ಲದ ಕೆಳಗೆ ಇರಬೇಕಾದ ದಪ್ಪ ತಂತಿ ಮೊಣಕಾಲ ಕಡೆಗೆ. ಮಾವ ತೀರಿಕೊಂಡು ಬ್ಯಾಂಜೊ ಅವಳದೇ ಆಗುವ ಹೊತ್ತಿಗೆ ಬೆರಳುಗಳು ಕಲಿತು ಮುಗಿಸಿದ್ದವು. ಬೇರೆಯವರು ಕೆಳಗಿನಿಂದ ಹತ್ತುವ ಏಣಿಯನ್ನು ಅವಳು ಮೇಲಿನಿಂದ ಇಳಿಯುತ್ತಿದ್ದಳು, ಅಷ್ಟೇ. ತಲುಪುತ್ತಿದ್ದದ್ದು ಅದೇ ರಾಗಕ್ಕೆ. ತಂತಿಯನ್ನು ಆ ಕಡೆಯಿಂದ ಮೀಟುವುದರಿಂದ ಒಂದೇ ಬೀಸಿಗೆ ಮೂರು ಸ್ವರ ಉದುರಿಸುವ ಅವಳ ಉರುಳಿನಲ್ಲಿ ಒಂದು ಸಣ್ಣ ಕುಂಟು ಇತ್ತು. ಜನ ಅದನ್ನು ಟೈಗ್‌ನ ಮನೆತನದ ಬಳುವಳಿ ಅಂದುಕೊಂಡಿದ್ದರು.

ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತು ನುಡಿಸಿದವರಿಗೆ ಇದು ಕಾಣಲಿಲ್ಲವೇ ಅಂದರೆ, ಕಾಣಲಿಲ್ಲ. ಆ ಕೂಟದಲ್ಲಿ ಇನ್ನೊಬ್ಬರ ಕೈ ನೋಡುವುದು ಊಟದ ತಟ್ಟೆ ನೋಡಿದಷ್ಟೇ ಅಸಹ್ಯ. ಕಾನ್ಸರ್ಟಿನಾ ಎಂಬ ಕೈತಿದಿಯ ವಾದ್ಯ ನುಡಿಸುವ ಅಟ್ರಾಕ್ಟಕ್ಕ ಕೂಟದ ಹಿರಿಯಳು, ಹೊಸಬರು ಬಂದರೆ ಅವಳು ಹೇಳುತ್ತಿದ್ದ ಮೊದಲ ಮಾತು, “ಕಿವಿ ಕೊಡಿ, ಕಣ್ಣು ನಿಮ್ಮ ಹತ್ರಾನೇ ಇಟ್ಕೊಳ್ಳಿ.” ಎಲ್ಲರೂ ತಮ್ಮ ತಮ್ಮ ಬೂಟಿನ ತುದಿ ನೋಡಿಕೊಂಡು ನುಡಿಸುತ್ತಿದ್ದರು. ಡಿಂಪ್ನಾಳ ಎದುರು ಕೂರುವ ಮ್ಯಾಲಕಿಗೆ ಅವಳ ಬೂಟಿನ ಲೇಸು ಯಾವ ಬಣ್ಣ ಎಂದು ಗೊತ್ತಿತ್ತು. ಬೆರಳು ಎಲ್ಲಿ ಓಡಾಡುತ್ತದೆಂದು ಗೊತ್ತಿರಲಿಲ್ಲ.

ಹೇಳಿಬಿಡಬಹುದಿತ್ತು. ಮೊದಲ ವಾರ ಅವಳು ಹೇಳಲಿಲ್ಲ, ಯಾಕೆಂದರೆ ಮ್ಯಾಲಕಿ ಬಾಗಿಲು ತೆರೆದು ಹಿಡಿಯುವುದನ್ನು ಇನ್ನೊಂದಿಷ್ಟು ದಿನ ನೋಡಬೇಕೆನಿಸಿತು. ಆಮೇಲೆ ಹೇಳಲು ಬಾಯಿ ಬರಲಿಲ್ಲ. ಪಾಪ ಕಳೆಯಲೆಂದು ಬರಿಗಾಲಲ್ಲಿ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಿರುವವನನ್ನು ಅರ್ಧದಲ್ಲಿ ನಿಲ್ಲಿಸಿ, ಈ ಬೆಟ್ಟ ಅಲ್ಲ ಕಣೋ ಎನ್ನುವುದು ಹೇಗೆ? ಅವನು ಶನಿವಾರ ಶನಿವಾರ ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಎಡಗೈ ಬ್ಯಾಂಜೊ ಹುಡುಕುತ್ತಾ ಹೋದ. ಅಂಥದ್ದು ಸಿಗುವುದೇ ಅಪರೂಪ. ಸಿಕ್ಕಾಗ ಅವನ ಕಣ್ಣು ಹೊಳೆಯುತ್ತಿತ್ತು. ಅವಳು ಒಂದೊಂದು ನೆಪ ಹೇಳುತ್ತಿದ್ದಳು. ಬಾಯ್ಲ್‌ ಊರಲ್ಲಿ ಸಿಕ್ಕಿದ್ದನ್ನು ಎತ್ತಿ ನೋಡಿ, “ಭಾರ ಕಣೋ. ಕರು ಎತ್ಕೊಂಡ ಹಾಗಾಗುತ್ತೆ,” ಅಂದಳು. ಕಾಸಲ್‌ಬಾರ್‌ನಲ್ಲಿ, “ದಂಡಿ ಉದ್ದ. ತಂತಿ ಒತ್ತೋ ಮೆಟ್ಟಿಲೇ ಹತ್ತೊಂಬತ್ತಂತೆ. ನನ್ನ ಗಿಡ್ಡ ಬೆರಳಿಗೆ ಹದಿನೇಳು ಸಾಕಪ್ಪ.” ಗಾಲ್ವೆಯಲ್ಲಿ, “ಸದ್ದು ನೋಡು, ಬಾಣಲೆ ಮೇಲೆ ಆಲಿಕಲ್ಲು ಬಿದ್ದ ಹಾಗೆ.”

“ಎಲ್ಲಾ ಬ್ಯಾಂಜೊ ಸದ್ದೂ ಹಾಗೇ ಅಲ್ವಾ ಅತ್ತಿಗೆ?”

“ನಿಂದು ಹಾಗೆ.”

ಹಳೆಯ ಮ್ಯಾಲಕಿ ಆಗಿದ್ದರೆ ಈ ಮಾತಿಗೆ ಗಾಲ್ವೆಯಿಂದ ಮನೆಯವರೆಗೂ ಉತ್ತರ ಕೊಡುತ್ತಿದ್ದ. ಈ ಮ್ಯಾಲಕಿ “ನೀವು ಹೇಳಿದ್ದು ಸರಿ” ಅಂದ. ಅವಳಿಗೆ ಹೆದರಿಕೆಯೇ ಆಯಿತು.

ಅವಳಿಗೆ ಗೊತ್ತಾಗದ ಸಂಗತಿ ಎಂದರೆ, ಅವನು ಪ್ರತಿ ನೆಪವನ್ನೂ ಮನಸ್ಸಿಟ್ಟು ಕೇಳಿಸಿಕೊಳ್ಳುತ್ತಿದ್ದ. ಹಗುರ ಬೇಕು, ಹದಿನೇಳು ಮೆಟ್ಟಿಲು ಬೇಕು, ಸದ್ದು ಮೆತ್ತಗಿರಬೇಕು. ಎಲ್ಲವನ್ನೂ ಕೋಲ್ಮನ್‌ಗೆ ಒಪ್ಪಿಸಿದ. ಕೋಲ್ಮನ್ ಬಳಿ ಅರ್ಧ ಮಾಡಿಟ್ಟ ಒಂದು ಬ್ಯಾಂಜೊ ಇತ್ತು. ಅದಕ್ಕೆ ಅವಳ ನೆಪಗಳನ್ನೆಲ್ಲ ಜೋಡಿಸಿ ಮುಗಿಸಿದ. ಇವತ್ತು ಅದನ್ನು ಒಯ್ಯಲು ಬಂದಿದ್ದರು. ನಾಳೆ ಈಸ್ಟರ್.

ನಾಳೆ ತಪ್ಪಿದರೆ ಕುರ್ಚಿಯೂ ಹೋಗುತ್ತಿತ್ತು. ಪಬ್ಬಿನಲ್ಲಿ ಡಿಂಪ್ನಾ ಕೂರಲು ಆಗುವುದು ಒಂದೇ ಜಾಗ, ಅಗ್ಗಿಷ್ಟಿಕೆ ಪಕ್ಕದ ಮೂಲೆ. ಬೇರೆ ಎಲ್ಲಿ ಕೂತರೂ ಅವಳ ಬ್ಯಾಂಜೊದ ದಂಡಿ ಎಲ್ಲರದಕ್ಕೂ ತಿರುಗುಮುರುಗಾಗಿ ಪಕ್ಕದವರ ಕೊಳಲಿಗೋ ಹಲ್ಲಿಗೋ ಬಡಿಯುತ್ತಿತ್ತು. ಆ ಮೂಲೆಯಲ್ಲಿ ಉಪವಾಸದ ಶುರುವಿನಿಂದ ಡಬ್ಲಿನ್ ಕಡೆಯವನೊಬ್ಬ ಕೂರತೊಡಗಿದ್ದ. ಅವನು ಬಾರಿಸುತ್ತಿದ್ದದ್ದು ಬೌರಾನ್. ಆಡಿನ ಚರ್ಮದ ತಮಟೆ ಅದು. ಆಡು ಬದುಕಿದ್ದಾಗಲೇ ಹೆಚ್ಚು ತಾಳದಲ್ಲಿ ಇದ್ದಿರಬೇಕು ಎಂದು ಕೂಟದಲ್ಲಿ ಎಲ್ಲರ ಅಭಿಪ್ರಾಯ. ಆದರೂ ಅಟ್ರಾಕ್ಟಕ್ಕ ನ್ಯಾಯ ಬಿಡುವವಳಲ್ಲ. “ವಾದ್ಯ ತಂದವರಿಗೆ ಕುರ್ಚಿ. ತರದವರು ಕೇಳೋ ಜನ. ಈಸ್ಟರ್‌ವರೆಗೆ ನೋಡ್ತೀನಿ ಡಿಂಪ್ನಾ. ಆಮೇಲೆ ಅವನನ್ನ ಏಳು ಅನ್ನೋಕೆ ನನಗೆ ಬಾಯಿಲ್ಲ” ಅಂದಿದ್ದಳು. ಹಾಗೆ ಅಂದವಳು ಮನಸ್ಸು ತಡೆಯದೆ ಇವತ್ತು ತಾನೇ ವ್ಯಾನು ಹತ್ತಿ ಬಂದು, ಕೋಲ್ಮನ್‌ನ ಅಂಗಡಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕೋಲ್ಮನ್ ಒಳಗಿನಿಂದ ಬಂದ. ಬ್ಯಾಂಜೊವನ್ನು ಎರಡೂ ಕೈಯಲ್ಲಿ, ಜ್ಞಾನಸ್ನಾನಕ್ಕೆ ತಂದ ಕೂಸಿನ ಹಾಗೆ ಹಿಡಿದಿದ್ದ.

ಡಿಂಪ್ನಾ ಅದನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅದು ಚೆನ್ನಾಗಿತ್ತು. ಹಗುರವಾಗಿತ್ತು. ದಂಡಿ ಗಿಡ್ಡವಾಗಿತ್ತು. ತುದಿಯಲ್ಲಿ, ಬಿರಡೆಗಳ ನಡುವೆ, ಮುತ್ತಿನ ಚಿಪ್ಪಿನಲ್ಲಿ ಕೆತ್ತಿದ ಒಂದು ಮೊಲ ಕಿವಿ ನಿಮಿರಿಸಿ ಕೂತಿತ್ತು. ಟೈಗ್ ಮಾವನ ಮನೆಯ ಹಿಂದಿನ ಗುಡ್ಡಕ್ಕೆ ಮೊಲಗುಡ್ಡ ಎಂದು ಹೆಸರು. ಅದನ್ನು ಮ್ಯಾಲಕಿ ನೆನಪಿಟ್ಟುಕೊಂಡು ಹೇಳಿ ಮಾಡಿಸಿದ್ದ.

“ನುಡಿಸಿ ಅತ್ತಿಗೆ,” ಎಂದ ಮ್ಯಾಲಕಿ.

“ಮನೆಗೆ ಹೋಗಿ ನುಡಿಸ್ತೀನಿ ಕಣೋ. ಇಲ್ಲಿ ಚಳಿ. ಬೆರಳು ಮರಗಟ್ಟಿದೆ.”

“ಸ್ಟೋವ್ ಹಚ್ಚಿದೀನಲ್ಲ,” ಎಂದ ಕೋಲ್ಮನ್.

“ಸುಮ್ನೆ ಒಂದು ಸುತ್ತು. ‘ಅಟ್ಟದ ಏಣಿ’ ನುಡ್ಸು,” ಎಂದಳು ಅಟ್ರಾಕ್ಟಕ್ಕ. ಅದು ಟೈಗ್ ಕಟ್ಟಿದ ರೀಲ್. ಅಷ್ಟು ಹೇಳಿ ಅವಳು ತನ್ನ ಬೂಟಿನ ತುದಿ ನೋಡತೊಡಗಿದಳು. ಮ್ಯಾಲಕಿಯೂ ತನ್ನ ಬೂಟು ನೋಡಿಕೊಂಡ.

ನೆಪಗಳು ಮುಗಿದಿದ್ದವು. ಇದ್ದಬದ್ದ ನೆಪಗಳೆಲ್ಲ ಬ್ಯಾಂಜೊ ಆಗಿ ತೊಡೆಯ ಮೇಲೆ ಕೂತಿದ್ದವು. ಡಿಂಪ್ನಾ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು: ಮೇಲಿನದು ಕೆಳಗೆ, ಕೆಳಗಿನದು ಮೇಲೆ, ನಿಧಾನವಾಗಿ ಹೋದರೆ ದಾಟಬಹುದು. ಮೊದಲ ಎರಡು ಸ್ವರ ದಾಟಿದಳು. ಆಮೇಲೆ ಬೆರಳುಗಳು ಅವಳ ಮಾತು ಕೇಳದೆ ತಮ್ಮ ಹಳೆಯ ದಾರಿ ಹಿಡಿದವು. ರಾಗ ಏರಬೇಕಾದಲ್ಲಿ ಇಳಿಯಿತು, ಇಳಿಯಬೇಕಾದಲ್ಲಿ ಏರಿತು. ಉರುಳು ಬರಬೇಕಾದ ಜಾಗದಲ್ಲಿ ಯಾರೋ ತಗಡಿನ ಮಾಡಿನ ಮೇಲಿಂದ ಕೋಳಿಯನ್ನು ಅಟ್ಟಿದ ಸದ್ದಾಯಿತು. ಅವಳು ನಿಲ್ಲಿಸಿದಳು. ಮತ್ತೆ ಶುರುಮಾಡಿದಳು. ಕೋಳಿ ಮತ್ತೆ ಬಂತು.

ಯಾರೂ ತಲೆ ಎತ್ತಲಿಲ್ಲ.

“ಪರವಾಗಿಲ್ಲ ಮಗಳೇ,” ಎಂದಳು ಅಟ್ರಾಕ್ಟಕ್ಕ ಕೊನೆಗೆ. ಅವಳು ಯಾರನ್ನೂ ಮಗಳೇ ಎಂದದ್ದು ಯಾರೂ ಕೇಳಿರಲಿಲ್ಲ. “ನಮ್ಮ ಅಮ್ಮಂಗೂ ಹೀಗೇ ಆಯ್ತು. ಒಂದು ಚಳಿಗಾಲ ವಾದ್ಯ ಕೆಳಗಿಟ್ಳು, ವಸಂತಕ್ಕೆ ಕೈ ಬರಲಿಲ್ಲ. ವಯಸ್ಸು. ಏನ್ಮಾಡೋಕಾಗುತ್ತೆ.”

“ಅಕ್ಕ, ವಯಸ್ಸಲ್ಲ...”

“ಚಮಚ ಬಾರಿಸು. ಕುರ್ಚಿಗೆ ಅದೂ ನಡೆಯುತ್ತೆ. ನಾನು ನೋಡ್ಕೋತೀನಿ.”

ಚಮಚ! ಎರಡು ಅಡುಗೆ ಚಮಚ ಬೆನ್ನಿಗೆ ಬೆನ್ನು ಹಚ್ಚಿ ಮೊಣಕಾಲಿಗೆ ಬಡಿಯುವುದು. ಬೌರಾನಿಗಿಂತ ಒಂದು ಮೆಟ್ಟಿಲು ಕೆಳಗೆ. ಡಿಂಪ್ನಾ ಮ್ಯಾಲಕಿಯ ಕಡೆ ನೋಡಿದಳು: ಈಗಲಾದರೂ ಏನಾದರೂ ಅನ್ನು, ಚಮಚವನ್ನಾದರೂ ಸರಿಯಾದ ಕೈಯಲ್ಲಿ ಹಿಡ್ಕೋ ಅನ್ನು. ಮ್ಯಾಲಕಿ ಕಣ್ಣೊರೆಸಿಕೊಳ್ಳುತ್ತಿದ್ದ.

“ನಾನೇ ಮಾಡಿದ್ದು. ಬ್ಯಾಂಜೊನ ಮಾತ್ರ ಅಲ್ಲ, ನಿಮ್ಮ ಕೈನೂ ನಾನೇ ಅರೆದುಹಾಕ್ದೆ,” ಎಂದ.

ಇಷ್ಟು ಸಾಕಿತ್ತು. ಡಿಂಪ್ನಾ ಎದ್ದು ಮೊಲದ ಬ್ಯಾಂಜೊವನ್ನು ಕೋಲ್ಮನ್‌ನ ಕೈಗಿಟ್ಟಳು. ಬಾಗಿಲ ಬಳಿ ಮ್ಯಾಲಕಿಯ ಬ್ಯಾಂಜೊದ ಪೆಟ್ಟಿಗೆ ಇತ್ತು. ಆ ಭಾನುವಾರದ ನಂತರ ಅವನು ಅದನ್ನು ಕಣ್ಣಳತೆಯಿಂದ ದೂರ ಬಿಡುತ್ತಿರಲಿಲ್ಲ; ಚರ್ಚಿಗೂ ತರುತ್ತಿದ್ದ. ಅವನ ಅಜ್ಜ ಬಾಸ್ಟನ್ನಿನಿಂದ ಹೊತ್ತುಕೊಂಡು ಬಂದ ಬ್ಯಾಂಜೊ ಅದು. ಮದುವೆಯಾದ ಹೊಸದರಲ್ಲಿ ಹೆಂಡತಿ ಅದರ ಮೇಲಿನ ಧೂಳು ಒರೆಸಿದ್ದಕ್ಕೆ ಮಾತು ಬಿಟ್ಟಿದ್ದನಂತೆ. ಡಿಂಪ್ನಾ ಪೆಟ್ಟಿಗೆಯ ಚಿಲಕ ತೆಗೆದಳು.

“ಅತ್ತಿಗೆ, ಅದು ನಂದು... ಅದು ಬಲಗೈ...”

“ಬಾಯ್ಮುಚ್ಚು. ಕಣ್ಣು ಬಿಡು.”

ಅವಳು ಅದನ್ನು ತಿರುಗಿಸಿ ತೊಡೆಯ ಮೇಲಿಟ್ಟುಕೊಂಡು ‘ಅಟ್ಟದ ಏಣಿ’ಯನ್ನು ಬಿಟ್ಟಳು. ಹಿಡಿದಿಟ್ಟ ನಾಯಿಯನ್ನು ಬಯಲಿಗೆ ಬಿಟ್ಟ ಹಾಗೆ ಅದು ಓಡಿತು. ಉರುಳುಗಳು ಒಂದರ ಹಿಂದೊಂದು ತಮ್ಮ ಕುಂಟನ್ನು ಎಳೆದುಕೊಂಡು ಬಂದವು. ಅಟ್ರಾಕ್ಟಕ್ಕನ ಬೂಟು ನೆಲ ಬಡಿಯಿತು. ಎರಡನೇ ಸುತ್ತಿಗೆ ಅವಳು ತಲೆ ಎತ್ತಿದಳು. ಮೂರನೆಯದಕ್ಕೆ ಮೂವರೂ, ಜೀವನದಲ್ಲಿ ಮೊದಲ ಸಲ, ಡಿಂಪ್ನಾಳ ಕೈಯನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

“ಸಂತ ಬ್ರಿಜಿಡಮ್ಮ,” ಎಂದಳು ಅಟ್ರಾಕ್ಟಕ್ಕ. “ಇವಳು ತಲೆಕೆಳಗಾಗಿ ನುಡಿಸ್ತಾಳೆ!”

“ಯಾವತ್ತಿಂದ?” ಎಂದ ಮ್ಯಾಲಕಿ.

“ಯಾವತ್ತಿಂದಲೂ.”

“ಮತ್ತೆ ಹೇಳಬಾರದಾ?”

“ನೀವ್ಯಾರೂ ನೋಡಬಾರದಾ? ಇಷ್ಟು ವರ್ಷ ಎದುರಿಗೆ ಕೂತಿದ್ದೀಯ.”

“ನೋಡೋದು ಮರ್ಯಾದೆ ಅಲ್ಲ,” ಎಂದಳು ಅಟ್ರಾಕ್ಟಕ್ಕ, ಇನ್ನೂ ನೋಡುತ್ತಾ.

ಮ್ಯಾಲಕಿಯ ಮುಖದಲ್ಲಿ ಲೆಕ್ಕ ನಡೆಯುತ್ತಿತ್ತು. “ಹಾಗಾದ್ರೆ ಬಾಯ್ಲ್‌ನಲ್ಲಿ... ಕರು ಎತ್ಕೊಂಡ ಹಾಗೆ...”

“ಅಷ್ಟೇನೂ ಭಾರ ಇರಲಿಲ್ಲ.”

“ಆಲಿಕಲ್ಲು?”

“ಅದು ನಿಜ. ನಿಂದು ಹಾಗೇನೇ.”

ಕೋಲ್ಮನ್ ಅಷ್ಟರಲ್ಲಿ ಮೊಲದ ಬ್ಯಾಂಜೊವನ್ನು ಕೆಲಸದ ಮೇಜಿನ ಮೇಲೆ ಮಲಗಿಸಿ ಬಿರಡೆ ಸಡಿಲಿಸತೊಡಗಿದ್ದ. ನಾಲ್ಕೇ ತಂತಿ, ಎರಡೂ ಕಡೆ ಸಮ. ತಂತಿಗಳು ಕೂರುವ ಮೂಳೆಯ ಪಟ್ಟಿಯನ್ನು ಹೊಸದಾಗಿ ಕೊರೆದು, ದಪ್ಪ ತಂತಿ ಕೆಳಗೆ, ಸಣ್ಣದು ಮೇಲೆ ಕಟ್ಟಿದರೆ ಮುಗಿಯಿತು, ಚಾ ಕುಡಿದು ಬನ್ನಿ ಎಂದ. ಆಮೇಲೆ ದಂಡಿಯ ಅಂಚನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಮೆಟ್ಟಿಲು ಗುರುತಿಸಲು ಹಾಕುವ ಬಿಳಿ ಚುಕ್ಕೆಗಳು ಅಲ್ಲಿದ್ದವು. “ಚುಕ್ಕೆ ಎಡಗೈಯವರ ಕಡೆಗೇ ಇರುತ್ತೆ. ಅದನ್ನ ಮುಟ್ಟಲ್ಲ.”

ಡಿಂಪ್ನಾ ಬಗ್ಗಿ ನೋಡಿದಳು. ಮಾವನ ಬ್ಯಾಂಜೊದಲ್ಲಿ ಆ ಚುಕ್ಕೆಗಳು ಯಾವಾಗಲೂ ನೆಲ ನೋಡುತ್ತಿದ್ದವು. ಅವಳು ಕತ್ತಲಲ್ಲಿ ಏಣಿ ಹತ್ತುವವಳ ಹಾಗೆ ಬೆರಳಲ್ಲೇ ತಡವಿಕೊಂಡು ಹೋಗುತ್ತಿದ್ದಳು. ಈಗ ಅವು ಅವಳನ್ನೇ ನೋಡುತ್ತಿದ್ದವು. ಅವಳಿಗೆ ಸ್ವಲ್ಪ ನಾಚಿಕೆಯಾಯಿತು.

“ನಾಳೆ ಆ ತಮಟೆಯವನನ್ನ ಎಬ್ಬಿಸೋ ಕೆಲಸ ನಂದು,” ಎಂದು ಅಟ್ರಾಕ್ಟಕ್ಕ ಕೈಚೀಲದ ಬಾಯಿ ಟಪ್ಪೆಂದು ಮುಚ್ಚಿದಳು. ಅವಳ ಮುಖದಲ್ಲಿ ಹಬ್ಬ ಒಂದು ದಿನ ಮೊದಲೇ ಬಂದಿತ್ತು.

ಎಲ್ಲ ಸರಿಹೋಗಿತ್ತು, ಮ್ಯಾಲಕಿಯೊಬ್ಬನನ್ನು ಬಿಟ್ಟು. ಅವನು ಗೋಡೆಗೆ ಒರಗಿ ನಿಂತು, “ಏನೇ ಆಗ್ಲಿ, ನಿಮಗೆ ಸುಮ್ನೆ ತೊಂದರೆ ಕೊಟ್ಟೆ ಅತ್ತಿಗೆ. ತಪ್ಪಾಯ್ತು. ಇನ್ನೂ ಏನಾದ್ರೂ ಬೇಕಿದ್ರೆ ಕೇಳಿ, ಕೊಡ್ತೀನಿ,” ಎಂದ.

ಡಿಂಪ್ನಾ ಅವನನ್ನು ನೋಡಿದಳು. ಉಪವಾಸ ಈ ರಾತ್ರಿಗೆ ಮುಗಿಯುತ್ತದೆ. ಇವನದು ಮುಗಿಯುವ ಲಕ್ಷಣ ಕಾಣಲಿಲ್ಲ. ಹೀಗೇ ಬಿಟ್ಟರೆ ಸಾಯುವವರೆಗೂ ಬಾಗಿಲು ತೆರೆದು ಹಿಡಿಯುತ್ತಾನೆ. ನಾಳೆ ಕುರ್ಚಿ ಸಿಕ್ಕಿತು, ಬ್ಯಾಂಜೊ ಸಿಕ್ಕಿತು, ಒಂದು ರೀಲ್ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಎದುರು ಕೂತವನು “ತುಂಬಾ ಚೆನ್ನಾಗಿತ್ತು ಅತ್ತಿಗೆ” ಅಂದರೆ ಅಂಥ ಕೂಟಕ್ಕೆ ಹೋಗುವುದಾದರೂ ಯಾಕೆ?

ಅವನ ಅಜ್ಜನ ಬ್ಯಾಂಜೊ ಇನ್ನೂ ಅವಳ ತೊಡೆಯ ಮೇಲೇ ಇತ್ತು. ಅವಳು ಅದರ ಚರ್ಮದ ಮೇಲೆ ಮೆಲ್ಲಗೆ ಬೆರಳು ಬಡಿದಳು.

“ಕೇಳ್ಲಾ?”

“ಕೇಳಿ.”

“ಕೋಲ್ಮನ್ ಏನು ತಂತಿ ಕಟ್ತಾನೋ, ಅದು ನಿನ್ನ ಕೈಗೂ ಆಗುತ್ತೆ. ಹೊಸದು, ಹಗುರ, ಚೆಂದದ ಮೊಲ ಬೇರೆ. ಅದನ್ನ ನೀನು ಇಟ್ಕೋ. ಇದು ನನ್ನ ಕೈಗೆ ಎಷ್ಟು ಚೆನ್ನಾಗಿ ಕೂತಿದೆ ನೋಡು. ಇದನ್ನ ನಾನು ಒಯ್ತೀನಿ. ಸಮಕ್ಕೆ ಸಮ.”

ಕೋಲ್ಮನ್‌ನ ಅರ ಮೂಳೆಯ ಮೇಲೆ ನಿಂತಿತು. ಮ್ಯಾಲಕಿ ಗೋಡೆಯಿಂದ ಬೆನ್ನು ಬಿಡಿಸಿ ನೆಟ್ಟಗಾದ. ಅವನ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ. ಮೇಜು ಬಳಸಿ ಬಂದು, ಅವಳ ತೊಡೆಯ ಮೇಲಿನ ಬ್ಯಾಂಜೊವನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅವಚಿಕೊಂಡ.

“ಕೊಡಲ್ಲ,” ಎಂದ. “ಪ್ರಾಣ ಹೋದ್ರೂ ಕೊಡಲ್ಲ ಕಣೇ ಎಡವಟ್ಟಮ್ಮ.”